ಮುಕಾದಮನ ಪರಾತ

ಹೋದ ರವಿವಾರ ನನ್ನ ಹೆಂಡತಿ ಹುರಿದ ಶೇಂಗಾ ಆರಹಾಕಲು ಅಗಲವಾದದ್ದೇನಾದರೂ ಬೇಕೆಂದು ಅಟ್ಟವೆಲ್ಲ ಹುಡುಕಿ ಒಂದು ಸ್ಟೀಲಿನ ಪರಾತ ಇಳಿಸಿಕೊಂಡಳು. ನಾಲ್ಕು ಜನ ಸುತ್ತ ಕೂತು ಉಣ್ಣುವಷ್ಟು ದೊಡ್ಡ ತಾಟು ಅದು. ನಾನು ಪಡಸಾಲೆಯಲ್ಲಿ ಒಂಬತ್ತನೆಯ ಇಯತ್ತೆಯ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ.

“ಏನ್ರಿ, ಇದನ್ನ ಮೂರ ಸಲ ತಿಕ್ಕೇನಿ. ವಾಸನಿ ಹೋಗವಲ್ದು. ಏನ್ ಹಾಕಿದ್ರಿ ಇದರಾಗ?”

ಎದ್ದು ಹೋಗಿ ಮೂಗಿನ ಹತ್ತಿರ ಹಿಡಿದೆ. ಅಗಸಿ ಹಿಂಡಿ. ಹುರಿದ ಅಗಸೆಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿದ ಪುಡಿ, ಎಣ್ಣೆಯ ಜೊತೆ ಪರಾತದ ಮಡಚಿದ ಅಂಚಿನೊಳಗೆ ಹೊಕ್ಕು ಕೂತುಬಿಟ್ಟಿತ್ತು. ಎರಡು ವರ್ಷ ಅಟ್ಟದ ಮೇಲಿದ್ದರೂ ಹೋಗಿರಲಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು. ಅವನ ನೆನಪಾದಾಗೆಲ್ಲ ನನಗೆ ಮೊದಲು ಸಿಟ್ಟೇ ಬರುತ್ತದೆ. ಇಪ್ಪತ್ತೊಂಬತ್ತು ವರ್ಷದ ರೂಢಿ, ಅವನು ಹೋದನೆಂದು ಬಿಟ್ಟು ಹೋಗುವಂಥದ್ದಲ್ಲ.

ಅವನನ್ನು ನಾವು ಮುಕಾದಮ ಅನ್ನುತ್ತಿದ್ದೆವು. ಕಬ್ಬು ಕಡಿಯುವ ಗ್ಯಾಂಗನ್ನು ಹೊಡೆದುಕೊಂಡು ತಿರುಗುವ ಮೇಸ್ತ್ರಿಗೆ ನಮ್ಮ ಕಡೆ ಇರುವ ಹೆಸರು ಅದು. ಅಥಣಿ ಕಡೆಯ ಅನಂತಪುರದಲ್ಲಿ ಅವನ ಅಪ್ಪ ಅವ್ವ ಬೇರೆಯವರ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು, ಸೂಟಿಯಲ್ಲಿ ಇವನೂ ಕಡಿಯುತ್ತಿದ್ದ. ಆದರೆ ಕಾಲೇಜಿನಲ್ಲಿ ನಮ್ಮ ಮೂವರನ್ನು ಮಾತ್ರ ಗ್ಯಾಂಗಿನಂತೆ ಓಡಿಸುತ್ತಿದ್ದ. ಇಷ್ಟೊತ್ತಿಗೇ ಏಳು, ಇಷ್ಟೊತ್ತಿಗೇ ನಡಿ, ಈ ಬೆಂಚಿನ ಮೇಲೆ ಕೂಡು. ಹೆಸರಿಟ್ಟವನು ಸಾವಕಾರ. ಸಾವಕಾರನೆಂದರೆ ಅಥಣಿ ಸನಿಹದವನು, ದ್ರಾಕ್ಷಿಯೂ ಕಬ್ಬೂ ಇದ್ದ ಮನೆಯ ಮಗ, ಕಾಲೇಜಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಿದ್ದವನು ಅವನೊಬ್ಬನೇ. ಮೂರನೆಯವನು ಕಂಪೌಂಡರ, ಕಿಸೆಯಲ್ಲಿ ಸದಾ ತಲೆನೋವಿನ ಗುಳಿಗೆ ಇಟ್ಟುಕೊಂಡು ಎಲ್ಲರಿಗೂ ಹಂಚುತ್ತಿದ್ದ, ಈಗ ರಾಯಬಾಗದಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ನಾನು ಸತ್ತಿಯವನು, ಹೊಳೆ ದಂಡೆಯ ಊರು, ಆಗ ನಮ್ಮ ಮನೆ ಮಾತ್ರ ಕಾಲೇಜಿದ್ದ ಅಥಣಿಯಲ್ಲಿತ್ತು. ಯಾರು ಏನು ತಪ್ಪು ಮಾತಾಡಿದರೂ ತಿದ್ದುವ ಚಟವಿದ್ದದ್ದರಿಂದ ಆಗಲೇ ನನಗೆ ಮಾಸ್ತರ ಅಂದಿದ್ದರು. ಆಮೇಲೆ ನಿಪ್ಪಾಣಿಯ ಹೈಸ್ಕೂಲಿನಲ್ಲಿ ನಿಜವಾಗಿಯೂ ಮಾಸ್ತರನಾದೆ.

ಬಿ.ಎ. ಕಡೆಯ ವರ್ಷದ ಶ್ರಾವಣದಲ್ಲಿ ಹೊಳೆ ಬಂದಿತ್ತು. ಕೃಷ್ಣೆ ದಂಡೆ ಮೀರಿ ಬಂದಾಗ ನೋಡಲು ಹೋಗುವುದು ನಮ್ಮ ಕಡೆ ಒಂದು ಹಬ್ಬವಿದ್ದ ಹಾಗೆ. ಒಂದು ರವಿವಾರ ನಾಲ್ವರೂ ಬುತ್ತಿ ಕಟ್ಟಿಸಿಕೊಂಡು ಅಥಣಿ ಸ್ಟ್ಯಾಂಡಿನಿಂದ ಸತ್ತಿ ಬಸ್ಸು ಹತ್ತಿದೆವು. ನಾಲ್ಕೂ ಬುತ್ತಿ ಒಂದೇ ಚೀಲದಲ್ಲಿ, ಚೀಲ ಮುಕಾದಮನ ಹೆಗಲ ಮೇಲೆ. ಹೊರುವ ಕೆಲಸ ಯಾವಾಗಲೂ ಅವನದೇ ಆಗಿತ್ತು, ಯಾಕೆಂದು ಯಾರೂ ಕೇಳಿರಲಿಲ್ಲ. ಅರ್ಧ ದಾರಿಯಲ್ಲಿ, ಎರಡು ರಸ್ತೆ ಕವಲೊಡೆಯುವ ಒಂದು ಫಾಟಾದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಎಲ್ಲರಿಗಿಂತ ಮೊದಲು ಇಳಿದು ಏನಾಗಿದೆ ನೋಡಬೇಕೆಂದು ಮುಕಾದಮ ಬಾಗಿಲಿನಿಂದ ಜಿಗಿದ. ಎರಿ ಮಣ್ಣಿನ ಕೆಸರು. ಕಾಲು ಜಾರಿ ಮಕಾಡೆ ಬಿದ್ದ, ಚೀಲ ಅವನ ಕೆಳಗೆ.

ತೆಗೆದು ನೋಡಿದರೆ ಡಬ್ಬಿಗಳೆಲ್ಲ ಬಾಯಿ ಬಿಟ್ಟುಕೊಂಡು ರೊಟ್ಟಿ, ಝುಣಕ, ಬದನೆಕಾಯಿ ಪಲ್ಲೆ, ಮೊಸರು, ಸಜ್ಜಕ, ಹಿಂಡಿ ಎಲ್ಲ ಒಂದಾಗಿತ್ತು. ಫಾಟಾದಲ್ಲಿ ಚಹಾದ ಅಂಗಡಿ ಇಟ್ಟಿದ್ದ ಮುದುಕಿಯೊಬ್ಬಳು ಹಿಟ್ಟು ನಾದುವ ತನ್ನ ಪರಾತ ಕೊಟ್ಟಳು. ಬೇವಿನ ಮರದ ಕೆಳಗೆ ಅದರೊಳಗೆ ಚೀಲವನ್ನು ಬೋರಲು ಹಾಕಿದೆವು. ಕೆಸರು ಒಳಗೆ ಹೋಗಿರಲಿಲ್ಲ, ಅಷ್ಟೇ ಪುಣ್ಯ.

“ನಾಯಿಗಿ ಹಾಕೂಣು ಇದನ್ನ,” ಅಂದ ಕಂಪೌಂಡರ.

ನಾನು ನಮ್ಮ ಮನೆಯ ರೊಟ್ಟಿ ಯಾವುದೆಂದು ಹುಡುಕಿದೆ. ಜೋಳದ ರೊಟ್ಟಿ ಮುರಿದು ಮೊಸರಿನಲ್ಲಿ ನೆನೆದ ಮೇಲೆ ಯಾರ ಮನೆಯದೆಂದು ಅದರ ಮೇಲೆ ಬರೆದಿರುತ್ತದೆಯೇ? ಮುಕಾದಮ ಮೊಣಕಾಲತನಕ ಕೆಸರು ಮೆತ್ತಿಕೊಂಡು ಒಂದು ಮಾರು ದೂರ ನಿಂತಿದ್ದ. ಸದಾ ಹುಕುಂ ಮಾಡುವವನು ಅವತ್ತು ಒಂದು ಮಾತೂ ಆಡದೆ ನಮ್ಮ ಮುಖ ಒಂದೊಂದಾಗಿ ನೋಡುತ್ತಿದ್ದ. ಬೈಗುಳಕ್ಕೆ ಹೆದರಿದ್ದಾನೆಂದು ತಿಳಿದು ನಾನು ಅದರಲ್ಲಿ ಕಡಿಮೆ ಮಾಡಲಿಲ್ಲ.

“ಕಣ್ಣ ಎಲ್ಲಿಟ್ಟಿದ್ದಿಲೇ ಮಗನ? ನಾಕೂ ಮಂದಿಗಿ ಮಣ್ಣ ತಿನಿಸ್ತಿ ನೋಡು!”

ಮೊದಲು ಕೈ ಹಾಕಿದವನು ಸಾವಕಾರ. “ಹಸಿವಿ ಆಗೇತಿ, ಏನ್ ನೋಡ್ಕೋತ ಕುಂದ್ರೂದು,” ಅಂತ ಒಂದು ತುತ್ತು ಬಾಯಿಗಿಟ್ಟ. ಆಮೇಲೆ ಕಂಪೌಂಡರ, ಆಮೇಲೆ ನಾನು. ನಾವು ಮೂವರೂ ತಿನ್ನತೊಡಗಿದ ಮೇಲೆ ಮುಕಾದಮ ಬಂದು ಕೂತ. ನನ್ನ ಎರಡನೆಯ ತುತ್ತಿಗೇ ಅಗಸಿ ಹಿಂಡಿ ಸಿಕ್ಕಿತು. ಅಂಥ ಹಿಂಡಿಯನ್ನು ನಾನು ಅಲ್ಲಿಯವರೆಗೆ ತಿಂದಿರಲಿಲ್ಲ, ಸುಳ್ಳು ಯಾಕೆ ಹೇಳಲಿ. “ಲೇ ಸಾವಕಾರ, ಇದು ನಿಮ್ಮವ್ವನ ಕೈದ ಇರಬೇಕು ನೋಡಲೇ,” ಅಂದೆ. ಸಾವಕಾರ ಬಾಯಿ ತುಂಬ ತುತ್ತಿಟ್ಟುಕೊಂಡು ಹೂಂಗುಟ್ಟಿದ. ಮುಕಾದಮ ನಕ್ಕ. ಎಷ್ಟು ನಕ್ಕನೆಂದರೆ ಕಣ್ಣಲ್ಲಿ ನೀರು ಬಂತು. ಖಾರ ಹತ್ತಿತೇನೋ ಅಂದುಕೊಂಡೆ...

ಅಲ್ಲಿಗೆ ಮುಗಿಯಬೇಕಿತ್ತು. ಬಸ್ಸು ಕೆಟ್ಟಿತು, ಬುತ್ತಿ ಕಲೆಯಿತು, ತಿಂದೆವು, ಹೊಳೆ ನೋಡದೆ ವಾಪಸು ಬಂದೆವು. ಬುದ್ಧಿ ಇದ್ದವರು ಇಂಥದ್ದನ್ನು ಮರೆಯುತ್ತಾರೆ. ಮರುವರ್ಷ ಶ್ರಾವಣ ಬರುತ್ತಲೇ ಮುಕಾದಮನ ಕಾರ್ಡು ಬಂತು: ಅದೇ ಬಸ್ಸು, ಅದೇ ಫಾಟಾ, ಬುತ್ತಿ ಕಟ್ಟಿಸಿಕೊಂಡು ಬರುವುದು. ನಾನಾಗ ಬಿ.ಎಡ್. ಓದುತ್ತಿದ್ದೆ. ಹೋದೆ. ಹೊಸದೊಂದು ಸ್ಟೀಲಿನ ಪರಾತ ಕೊಂಡು ತಂದಿದ್ದ. ನಾಲ್ಕೂ ಡಬ್ಬಿ ಇಸಿದುಕೊಂಡು ಅದರೊಳಗೆ ಸುರುವಿ ಎರಡೂ ಕೈ ಹಾಕಿ ಕಲಸಿಯೇಬಿಟ್ಟ. ನಮ್ಮವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಬದನೆಕಾಯಿ ಎಣ್ಣೆಯಲ್ಲಿ ಮುಳುಗಿ ಹೋದದ್ದನ್ನು ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಾವು ಪರಾತಕ್ಕೆ ಕೈ ಹಾಕಬೇಕೆನ್ನುವಷ್ಟರಲ್ಲಿ ಮುಕಾದಮ ತಡೆದ.

“ಏ ತಡಿ. ಮಾಸ್ತರ ಇನ್ನೂ ಬೈದಿಲ್ಲ. ಹೋದ ವರ್ಷ ಬೈದ ಮ್ಯಾಲನ ಉಂಡೇವಿ.”

ನಾನು ಬೈದೆ. ಮನಸಾರೆ ಬೈದೆ. ಹಾಗೆ ನನ್ನ ಸಿಟ್ಟೂ ಪದ್ಧತಿಯೊಳಗೆ ಸೇರಿಹೋಯಿತು.

ಮರಾಠಿಯಲ್ಲಿ ಹೀಗೆ ಕಲಸಿದ್ದಕ್ಕೆ ಕಾಲಾ ಅನ್ನುತ್ತಾರೆ, ನಾವೂ ಹಾಗೇ ಅಂದೆವು. ವರ್ಷ ಹೋದ ಹಾಗೆ ಒಂದೊಂದು ತಪ್ಪೂ ಒಂದೊಂದು ಕಾಯಿದೆಯಾಗುತ್ತ ಹೋಯಿತು. ಒಂದು ಸಲ ನಾನೊಬ್ಬನೇ ಛತ್ರಿ ತಂದಿದ್ದೆ, ಉಳಿದವರು ಮರೆತಿದ್ದರು. ಮರುವರ್ಷದಿಂದ ನಾಲ್ವರಿಗೆ ಒಂದೇ ಛತ್ರಿ ಅನ್ನುವುದು ನೇಮ. ಎರಡನೆಯ ಛತ್ರಿ ತಂದವನಿಗೆ ಬಿಚ್ಚಲು ಪರವಾನಗಿ ಇಲ್ಲ. ಇನ್ನೊಂದು ಸಲ ಕಂಪೌಂಡರನ ಬಸ್ಸು ತಡವಾಗಿ ಎರಡು ಗಂಟೆಯವರೆಗೆ ಕಾದೆವು. ಅಲ್ಲಿಂದ ಮುಂದೆ ಎಷ್ಟೇ ಬೇಗ ಹೋಗಿರಲಿ, ಎರಡು ಹೊಡೆಯದೆ ಕಾಲಾಕ್ಕೆ ಕೈ ಹಚ್ಚುವ ಹಾಗಿಲ್ಲ. ಕಂಪೌಂಡರನಿಗೆ ಸಕ್ಕರೆ ಕಾಯಿಲೆ ಬಂದ ಮೇಲೂ ಈ ನೇಮ ಸಡಿಲಲಿಲ್ಲ. ಪಾಪ, ಕಿಸೆಯಲ್ಲಿ ಬಿಸ್ಕೀಟು ಇಟ್ಟುಕೊಂಡು ಬೇವಿನ ಮರದ ಹಿಂದೆ ಹೋಗಿ ಕಳ್ಳರ ಹಾಗೆ ತಿಂದು ಬರುತ್ತಿದ್ದ. ಸಾವಕಾರ ಜೀಪು ತೆಗೆದುಕೊಂಡ, ಆಮೇಲೆ ಕಾರು ತೆಗೆದುಕೊಂಡ. ಅದನ್ನು ಅಥಣಿ ಸ್ಟ್ಯಾಂಡಿನ ಹೊರಗೆ ನಿಲ್ಲಿಸಿ ನಮ್ಮ ಜೊತೆ ಬಸ್ಸು ಹತ್ತಬೇಕು. ಬಸ್ಸು ಫಾಟಾಕ್ಕೆ ಬಂದಾಗ “ಕೆಟ್ತ್ರೋ, ಇಳೀರಿ!” ಎಂದು ಮುಕಾದಮ ಕೂಗುತ್ತಿದ್ದ. ಕೆಡದ ಬಸ್ಸಿನ ಮಂದಿಯೆಲ್ಲ ನಮ್ಮ ಮುಖ ನೋಡುತ್ತಿದ್ದರು. ಡ್ರೈವರನಿಗೆ ಮೊದಲೇ ಹೇಳಿಟ್ಟಿರುತ್ತಿದ್ದ. ಅಷ್ಟೊತ್ತಿಗೆ ಮುಕಾದಮ ಬಸ್ಸಿನ ಕಂಡಕ್ಟರ ಆಗಿದ್ದ, ಡಿಪೋದಲ್ಲಿ ಎಲ್ಲರೂ ಅವನವರೇ.

ಪರಾತ ವರ್ಷಕ್ಕೊಬ್ಬರ ಮನೆಯಲ್ಲಿ ಇರಬೇಕು, ಅವರೇ ಮುಂದಿನ ಸಲ ಹೊತ್ತು ತರಬೇಕು. ಅಷ್ಟು ದೊಡ್ಡ ತಾಟು ಹಿಡಿದು ನಿಪ್ಪಾಣಿಯಿಂದ ಚಿಕ್ಕೋಡಿ, ಚಿಕ್ಕೋಡಿಯಿಂದ ಅಥಣಿ ಎಂದು ಬಸ್ಸು ಬದಲಿಸುವಾಗ “ಮಾಸ್ತರ್ರ, ಲಗ್ನದ ಅಡಗಿಗಿ ಹೊಂಟೀರೇನ್ರಿ?” ಎಂದು ಕೇಳಿಸಿಕೊಂಡವನಿಗೇ ಗೊತ್ತು ಆ ಕಷ್ಟ. ಪ್ರತಿ ವರ್ಷ ಇದೇ ಕಡೆಯದೆಂದು ಹೆಂಡತಿಗೆ ಹೇಳಿ ಹೋಗುತ್ತಿದ್ದೆ. ಪ್ರತಿ ವರ್ಷ ಅವಳು ಬುತ್ತಿ ಕಟ್ಟುವಾಗ, “ಹೆಂಗೂ ಅಲ್ಲಿ ಕಲಸೂದ ಐತಿ, ಎದಕ್ ಇಷ್ಟ ನಮೂನಿ ಮಾಡೂದು,” ಎಂದು ಗೊಣಗಿಯೂ ನಾಲ್ಕು ನಮೂನೆ ಮಾಡುತ್ತಿದ್ದಳು. ನಾನು ಹೋಗಿ ಬೈಯುತ್ತಿದ್ದೆ, ಮತ್ತೆ ಆ ಗಲೀಜಿನೊಳಗೆ ಅಗಸಿ ಹಿಂಡಿ ಹತ್ತಿದ ರೊಟ್ಟಿ ಚೂರುಗಳನ್ನೇ ಹುಡುಕಿ ಹುಡುಕಿ ತಿನ್ನುತ್ತಿದ್ದೆ. “ನಿಮ್ಮವ್ವನ ಕೈ ಅಂದ್ರ ಕೈ ನೋಡಪಾ ಸಾವಕಾರ.” ಅವನ ಅವ್ವ ತೀರಿಕೊಂಡ ಮೇಲೆ “ನಿನ್ನ ಹೇಣತಿಗೂ ಕಲಿಸಿ ಹೋಗ್ಯಾಳಲ್ಲೋ” ಅಂದೆ. ಸಾವಕಾರ ಹೂಂ ಅನ್ನುತ್ತಿದ್ದ. ಮುಕಾದಮ ನಗುತ್ತಿದ್ದ. ನನ್ನ ಹೊಟ್ಟೆಬಾಕತನ ನೋಡಿ ನಗುತ್ತಾನೆಂದುಕೊಂಡು ನನಗೆ ಮತ್ತಷ್ಟು ರೇಗುತ್ತಿತ್ತು.

ಯಾಕೋ ಇದೆಲ್ಲ ಎಂದು ಒಂದೆರಡು ಸಲ ನೇರವಾಗಿಯೇ ಕೇಳಿದ್ದೆ. “ಪದ್ಧತಿಲೇ ಮಾಸ್ತರ,” ಅಂದಿದ್ದ. “ಪದ್ಧತಿಗಿ ಯಾಕ ಅಂತ ಕೇಳಬಾರ್ದು.” ದಿನಾ ಮಕ್ಕಳಿಗೆ ಯಾಕೆ ಏನು ಎಂದು ಕೇಳಿ ಕೇಳಿ ಕಲಿಸುವವನಿಗೆ ಹೀಗಂದರೆ ಹೇಗಿರಬೇಡ!

ಮೂರು ವರ್ಷದ ಕೆಳಗೆ ಕಂಪೌಂಡರ ಮೊಬೈಲಿನಲ್ಲಿ ಗ್ರೂಪು ಮಾಡಿದ. ಗ್ರೂಪಾದ ಮೇಲೆ ಕೇಳಬೇಕೇ, ನಾಲ್ಕು ಜನರ ನಡುವೆ ನಲವತ್ತು ಅಭಿಪ್ರಾಯ. ಹೋದ ವರ್ಷದ ಶ್ರಾವಣಕ್ಕೆ ಮುಂಚೆ ಅವನೇ ಮಾತೆತ್ತಿದ: ಮೊಣಕಾಲು ನೋವು, ನೆಲದ ಮೇಲೆ ಕೂಡ್ರಲು ಆಗುವುದಿಲ್ಲ, ಬಿ.ಪಿ., ಸಕ್ಕರೆ, ನಿಪ್ಪಾಣಿ ಹತ್ತಿರ ಹೈವೇ ಮೇಲೆ ಒಳ್ಳೆಯ ಹೋಟೆಲು ಆಗಿದೆ, ಅಲ್ಲೇ ಸೇರೋಣ. ಬುತ್ತಿ ಬೇಡ, ಪರಾತ ಬೇಡ. ಯಾರಿಗೆ ಯಾವುದು ಬೇಕೆಂದು ಒತ್ತಲು ಕೆಳಗೆ ಎರಡು ಸಾಲು ಹಾಕಿದ. ಸಾವಕಾರ ಏನೂ ಒತ್ತಲಿಲ್ಲ. ನಾನು ಹೋಟೆಲು ಒತ್ತಿದೆ. ಪರಾತ ಆ ಸಲ ನನ್ನ ಮನೆಯಲ್ಲಿತ್ತು. ಅದನ್ನು ಹೊತ್ತು ಮೂರು ಬಸ್ಸು ಹತ್ತುವುದು ತಪ್ಪಿತಲ್ಲ ಎಂದು ನಿಜಕ್ಕೂ ಖುಷಿಯಾಯಿತು.

ಅವತ್ತು ಸಂಜೆ ಮುಕಾದಮನ ಫೋನು ಬಂತು.

“ಲೇ ಮಾಸ್ತರ, ನೀನೂ ಹಾಟೇಲ ಅಂದೇನು?”

“ಹೂಂನೋ. ಸಾಕ್ ಮಾಡು ಇನ್ನ. ವರ್ಷಾ ವರ್ಷಾ ಅದ ಕೆಸರು, ಅದ ಛತ್ರಿ. ಐವತ್ತ ವರ್ಷದ ಗಂಡಸರು ಹುಡುಗರಂಗ ಕಲಸ್ಕೊಂಡ ತಿಂತೇವಲ್ಲೋ, ನೋಡಿದವರು ನಗ್ತಾರ.”

“ನಗ್ಲಿ ಬಿಡು.”

“ಅಲ್ಲೋ, ಹಾಟೇಲದಾಗೂ ನಾಕೂ ಮಂದಿ ಒಂದ ಟೇಬಲ್ಲಿಗಿ ಕುಂತ ಉಂತೇವಲ್ಲ. ಏನ್ ಫರಕ್?”

“ಹಾಟೇಲದಾಗ ಯಾರ್ ಬೇಕಾದವ್ರು ಯಾರ್ ಕೂಡ ಬೇಕಾದ್ರೂ ಉಂತಾರೋ ಮಾಸ್ತರ,” ಅಂದ. “ಮನೀ ಬುತ್ತಿ ಬ್ಯಾರೆ.” ನಾನು ಏನೋ ಹೇಳಲು ಹೋದೆ. “ಇರ್ಲಿ ಬಿಡು,” ಅಂದು ಫೋನು ಇಟ್ಟ.

ನನಗೆ ಏನೂ ತಿಳಿಯಲಿಲ್ಲ. ಹಟಮಾರಿ ಎಂದುಕೊಂಡು ಮಲಗಿದೆ.

ಹೋಟೆಲಿಗೆ ಬಂದ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಅವನ ಕೈಯಲ್ಲಿ ಒಂದು ಚೀಲವಿತ್ತು, ಚೀಲದಲ್ಲಿ ಬುತ್ತಿ. ಹೊರಗಿನ ತಿನಿಸು ತರಬಾರದು ಎಂದು ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಅದನ್ನು ಎರಡು ಸಲ ಓದಿ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದ್ದನ್ನು ನಾನು ನೋಡಿದೆ. ನೋಡಿಯೂ ಕೇಳಲಿಲ್ಲ. ಕಂಪೌಂಡರ ಸೆಲ್ಫಿ ತೆಗೆದ. ಅವತ್ತು ನಾನು ಬೈಯಲಿಲ್ಲ, ಬೈಯಲು ಅಲ್ಲಿ ಏನೂ ಇರಲಿಲ್ಲ. ರೊಟ್ಟಿ ಮುರಿದು ಪನೀರಿನಲ್ಲಿ ಅದ್ದುತ್ತ ಮುಕಾದಮ ಎಲ್ಲದಕ್ಕೂ ಚಲೋ ಐತಿ, ಚಲೋ ಐತಿ ಅನ್ನುತ್ತಿದ್ದ. ಐಸ್ಕ್ರೀಮು ಬರುವ ಮೊದಲೇ ಡ್ಯೂಟಿ ಇದೆ ಎಂದು ಎದ್ದ. ಚೀಲ ತೆಗೆದುಕೊಂಡು ಹೈವೇ ದಾಟಿ ಬಸ್ಸಿಗೆ ಕೈ ಮಾಡಿದ. ನಾನು ಅವನನ್ನು ನೋಡಿದ್ದು ಅದೇ ಕಡೆ.

ಈ ವರ್ಷ ಯುಗಾದಿ ಹತ್ತಿರ ಬಂದಾಗ ಎದೆನೋವೆಂದು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟ. ಸುದ್ದಿ ಗ್ರೂಪಿನಲ್ಲಿ ಬಂತು. ಮಣ್ಣಿಗೆ ಹೋಗಲಾಗಲಿಲ್ಲ, ನಾನಾಗ ಪರೀಕ್ಷೆಯ ಕೆಲಸದ ಮೇಲೆ ಬೇರೆ ಊರಲ್ಲಿದ್ದೆ. ಇಪ್ಪತ್ತು ದಿನ ಬಿಟ್ಟು ಅನಂತಪುರಕ್ಕೆ ಹೋದೆ. ಬಸ್ಸಿಳಿದು ಮನೆ ಕೇಳಿದಾಗ ಅಂಗಡಿಯವನು ಮಾತಾಡದೆ ಊರ ಹೊರಗಿನ ಓಣಿಯ ಕಡೆ ಕೈ ತೋರಿಸಿದ. ಆ ಓಣಿ ಯಾರದೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ನನಗೂ ಕಾಲೇಜಿನ ಮೊದಲ ವಾರದಿಂದಲೇ ಗೊತ್ತಿತ್ತು.

ಸಣ್ಣ ಮನೆ, ಅಚ್ಚುಕಟ್ಟು. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಪಕ್ಕದಲ್ಲಿ ಕಂಡಕ್ಟರನ ಖಾಕಿ ಅಂಗಿ ತೊಟ್ಟ ಇವನ ಫೋಟೋ. ಅವನ ಹೆಂಡತಿ ನೀರು ಕೊಟ್ಟರು, ಚಹಾ ಕೊಟ್ಟರು. ಅಳಲಿಲ್ಲ.

“ನಿಮ್ಮ ಹೆಸರ ಭಾಳ ಹೇಳ್ತಿದ್ರಿ ಸರ,” ಅಂದರು. “ನೀವು ನಮ್ಮ ಮನಿಗಿ ಬಂದಿದ್ದು ಇದ ಮೊದಲ ಸಲ ನೋಡ್ರಿ.”

ಅದು ಹೇಗೆ ಸಾಧ್ಯ ಎಂದು ಲೆಕ್ಕ ಹಾಕಿದೆ. ಸಾವಕಾರನ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೆ, ಕಂಪೌಂಡರನ ಮನೆಯಲ್ಲಿ ಎಷ್ಟು ಸಲ ವಸ್ತಿ ಇದ್ದೇನೆ. ಇವನ ಮನೆಗೆ ಒಮ್ಮೆಯೂ ಬಂದಿರಲಿಲ್ಲ. ಅವನ ಲಗ್ನಕ್ಕೂ ಅಥಣಿಯ ಮಂಗಲ ಕಾರ್ಯಾಲಯಕ್ಕೆ ಹೋಗಿ, ಅಕ್ಕಿಕಾಳು ಹಾಕಿ, ಕೆಲಸವಿದೆ ಎಂದು ಬಂದಿದ್ದೆವು... ಉಂಡಿರಲಿಲ್ಲ.

“ಊಟಾ ಮಾಡ್ಕೊಂಡ ಹೋಗ್ರಿ ಸರ. ಎರಡ ರೊಟ್ಟಿ ಬಡೀತೀನಿ.”

“ಇಲ್ರಿ ವೈನಿ, ಬಸ್ಸಿನ ಹೊತ್ತಾತು,” ಅಂದೆ.

ಬಸ್ಸಿಗೆ ಇನ್ನೂ ಒಂದೂವರೆ ತಾಸು ಇತ್ತು. ಯಾಕೆ ಹಾಗಂದೆ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೆ. ವರ್ಷವಿಡೀ ಮಕ್ಕಳಿಗೆ ಎಲ್ಲರೂ ಒಂದೇ ಎಂದು ಪಾಠ ಹೇಳಿ, ಅದರ ಮೇಲೆ ಐದು ಅಂಕದ ಪ್ರಶ್ನೆ ಬರೆಯುವ ಮಾಸ್ತರ ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ, ಆದರೆ ನಾಲಿಗೆ ತಾನಾಗಿಯೇ ಆಡಿಬಿಟ್ಟಿತು. ಮನೆಯಲ್ಲಿ ಸಣ್ಣವನಿದ್ದಾಗ ಯಾರೋ ಅದಕ್ಕೆ ಕಲಿಸಿಟ್ಟಿದ್ದರು.

“ಇರ್ಲಿ ಬಿಡ್ರಿ,” ಅಂದರು. ಅವನ ಮಾತೇ. ಒಳಗೆ ಹೋಗಿ ಒಂದು ಡಬ್ಬಿ ತಂದು ಕೈಗೆ ಕೊಟ್ಟರು. “ಬಸ್ಸಿನ್ಯಾಗರ ತಿನ್ರಿ. ವರ್ಷಾ ಶ್ರಾವಣದಾಗ ಇದನ್ನ ಕುಟ್ಟಸಾವ್ರು. ಮೊದ್ಲ ಅತ್ತಿ ಮಾಡ್ತಿದ್ರು, ಅವರಿಂದ ನಾ ಕಲ್ತೇನಿ. ಮಾಸ್ತರಗ ಭಾಳ ಸೇರ್ತೈತಿ, ಒಂದ ಮುಷ್ಟಿ ಹೆಚ್ಚಿಗಿ ಮಾಡು ಅಂತಿದ್ರಿ.”

ಬಸ್ಸಿನಲ್ಲಿ ಡಬ್ಬಿಯ ಮುಚ್ಚಳ ತೆಗೆದೆ. ಅಗಸಿ ಹಿಂಡಿ.

ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಹಿಂದೆ ನಾವು ಮಧ್ಯಾಹ್ನ ಊಟಕ್ಕೆ ಕೂಡ್ರುತ್ತಿದ್ದ ಜಾಗ ಕಣ್ಣ ಮುಂದೆ ಬಂತು. ನಮ್ಮ ಮೂರು ಡಬ್ಬಿ ನಡುವೆ ಇರುತ್ತಿದ್ದವು, ಒಬ್ಬರದಕ್ಕೆ ಒಬ್ಬರು ಕೈ ಹಾಕುತ್ತಿದ್ದೆವು. ಅವನು ಒಂದು ಮೊಳ ಸರಿದು ಕೂಡ್ರುತ್ತಿದ್ದ. “ನಂದು ಖಾರ ಭಾಳ ಐತ್ರೋ, ನಿಮಗ ನಡ್ಯಂಗಿಲ್ಲ,” ಅನ್ನುತ್ತಿದ್ದ. ನಾವು ಒತ್ತಾಯ ಮಾಡಲಿಲ್ಲ, ಮೂರು ವರ್ಷದಲ್ಲಿ ಒಂದು ಸಲವೂ ಮಾಡಲಿಲ್ಲ. ನಮ್ಮಲ್ಲಿ ಯಾರೂ ಕೆಟ್ಟ ಮಾತಾಡಿರಲಿಲ್ಲ, ಹೆಗಲ ಮೇಲೆ ಕೈ ಹಾಕಿಕೊಂಡೇ ತಿರುಗುತ್ತಿದ್ದೆವು. ಆದರೆ ಅವನ ಬುತ್ತಿಗೆ ಕೈ ಹಾಕಿದ್ದು ಅವತ್ತು ಫಾಟಾದಲ್ಲೇ ಮೊದಲು, ಅದೂ ಅವನದೆಂದು ಗೊತ್ತಾಗದಂತೆ ಕಲೆತ ಮೇಲೆ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತ ಅವನು ನಿಂತದ್ದು ಅದಕ್ಕೆ. ಆಮೇಲಿನ ಎಲ್ಲ ಕಾಯಿದೆ ಕಾನೂನು, ಬಸ್ಸು, ಛತ್ರಿ, ಎರಡು ಗಂಟೆ, ಎಲ್ಲವೂ ಆ ಒಂದು ಕಲಸುವುದನ್ನು ಯಾರೂ ಯಾಕೆಂದು ಕೇಳದಿರಲಿ ಎಂದು ಹಾಕಿದ ಬೇಲಿ. ಇಷ್ಟು ತಿಳಿಯಲು ನನಗೆ ಇಪ್ಪತ್ತೊಂಬತ್ತು ವರ್ಷವೂ ಒಂದು ಸಾವೂ ಬೇಕಾದವು. ನನ್ನಂಥವನಿಗೆ ಮಾಸ್ತರ ಎಂದು ಹೆಸರಿಟ್ಟವರನ್ನು ಏನನ್ನಬೇಕು.

ಡಬ್ಬಿಯಲ್ಲಿದ್ದದ್ದನ್ನು ಮನೆ ಮುಟ್ಟುವುದರೊಳಗೆ ತಿಂದು ಮುಗಿಸಿದೆ. ಬಸ್ಸಿನಲ್ಲಿ, ಒಬ್ಬನೇ.

ಈಗ ಮತ್ತೆ ಶ್ರಾವಣ ಬಂದಿದೆ. ಪರಾತ ಇಳಿದ ದಿನವೇ ಕಂಪೌಂಡರನ ಫೋನೂ ಬಂತು. ಈ ಸಲ ಮುಕಾದಮನ ನೆನಪಿಗೆ ಕಾಲಾ ಮತ್ತೆ ಶುರು ಮಾಡೋಣವಂತೆ. ಅದೇ ಹೋಟೆಲಿನ ಹುಲ್ಲುಹಾಸಿನ ಮೇಲೆ. ಅಡುಗೆಯವರಿಗೆ ಹೇಳಿದ್ದಾನಂತೆ, ಹದಿನಾಲ್ಕು ಪದಾರ್ಥ ಮಾಡಿ ಅವರೇ ಕೈಗವಸು ಹಾಕಿಕೊಂಡು ಸ್ವಚ್ಛವಾಗಿ ಕಲಸಿ ಕೊಡುತ್ತಾರಂತೆ. ಎದೆಯ ಮೇಲೆ ಮುಕಾದಮನ ಫೋಟೋ ಇರುವ ಟೀ ಶರ್ಟು ಕೂಡ ಹೊಲಿಸಲು ಹಾಕಿದ್ದಾನೆ.

“ಪರಾತ ಅಷ್ಟ ಮರೀಬ್ಯಾಡೋ ಮಾಸ್ತರ,” ಅಂದ. “ಫೋಟೋಕ್ಕ ಬೇಕು.”

“ನಿನ್ನ ಫೋಟೋಕ್ಕ ಬೆಂಕಿ ಹಚ್ಚಲಿ,” ಅಂದು ಇಟ್ಟೆ. ಪಾಪ, ಅವನೂ ಪ್ರೀತಿಯಿಂದಲೇ ಮಾಡುತ್ತಿದ್ದಾನೆ, ಅದೇ ತಾಪತ್ರಯ. ಪ್ರೀತಿ ಇಲ್ಲದವರ ಜೊತೆ ಜಗಳವಾಡಿ ಬಿಡಬಹುದು, ಇಂಥವರನ್ನು ಏನು ಮಾಡುವುದು?

ಸಿಟ್ಟು ಇಳಿಯದೆ ಸಾವಕಾರನಿಗೆ ಫೋನು ಹಚ್ಚಿದೆ. ಇಷ್ಟು ವರ್ಷ ತನ್ನದಲ್ಲದ ಹಿಂಡಿಗೆ ಹೂಂಗುಟ್ಟಿದ್ದನಲ್ಲ, ಮೊದಲು ಅವನಿಗೆ ಬಿಡಿಸಿ ಹೇಳಬೇಕಿತ್ತು.

“ಲೇ, ಆ ಅಗಸಿ ಹಿಂಡಿ ನಿಮ್ಮ ಮನೀದಲ್ಲ, ಮುಕಾದಮನ ಮನೀದು. ಗೊತ್ತೈತೇನ್ ನಿನಗ?”

“ಗೊತ್ತೈತಿ,” ಅಂದ. “ನಮ್ಮ ಮನ್ಯಾಗ ಅಗಸಿ ಹಿಂಡಿ ಯಾವತ್ತೂ ಮಾಡಿಲ್ಲೋ. ಶೇಂಗಾದ್ದ ಅಷ್ಟ.”

“ಮತ್ತ ಮೊದಲಿಂದ ಗೊತ್ತಿತ್ತಂದ್ರ ಯಾಕ ಸುಮ್ಮ ಕುಂತಿ? ಬಾಯಿ ಇರಲಿಲ್ಲೇನ್ ನಿನಗ?”

ಸಾವಕಾರ ನಿಧಾನಕ್ಕೆ ಕೆಮ್ಮಿದ. “ಹೇಳಿದ್ರ ನೀ ತಿಂತಿದ್ದೇನೋ ಮಾಸ್ತರ?”

ತಿನ್ನುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಅನಂತಪುರದ ಮನೆಯಲ್ಲಿ, ಐವತ್ತರ ವಯಸ್ಸಿನಲ್ಲಿ, ಬಸ್ಸಿನ ಹೊತ್ತಾಯಿತು ಅಂದವನು ನಾನು. ಇಪ್ಪತ್ತರ ವಯಸ್ಸಿನಲ್ಲಿ ಏನನ್ನುತ್ತಿದ್ದೆನೋ ಯಾರು ಬಲ್ಲರು. ಅವನೂ ಉತ್ತರಕ್ಕೆ ಕಾಯಲಿಲ್ಲ.

ಮರುದಿನ ಅನಂತಪುರದ ವೈನಿಗೆ ಫೋನು ಮಾಡಿದೆ. ಬರುವ ರವಿವಾರ ನಾವು ಬರುತ್ತೇವೆ, ಮೂವರೂ ಬಂದರೆ ಮೂವರು, ಇಲ್ಲವಾದರೆ ನಾನೊಬ್ಬನೇ ಬರುತ್ತೇನೆ ಎಂದೆ. ಬುತ್ತಿಯನ್ನೂ ಪರಾತವನ್ನೂ ತರುತ್ತೇನೆ, ಅವನು ಮಾಡುತ್ತಿದ್ದ ಹಾಗೆ ನಿಮ್ಮ ಮನೆಯಲ್ಲೇ ಕಲಸಿ ಉಣ್ಣೋಣ ಎಂದೆ. ಇದರಿಂದ ಎಲ್ಲ ಸರಿಹೋಗುತ್ತದೆಂದು ನನ್ನ ಮನಸ್ಸಿನಲ್ಲಿತ್ತು.

“ಬರ್ರಿ ಸರ,” ಅಂದರು. ಆಮೇಲೆ, “ಬುತ್ತಿ ತರಬ್ಯಾಡ್ರಿ. ಕಲಸೂದೂ ಬ್ಯಾಡ್ರಿ. ನಾನ ಅಡಗಿ ಮಾಡ್ತೀನಿ. ತಾಟಿನ್ಯಾಗ ಬ್ಯಾರೆ ಬ್ಯಾರೆ ನೀಡ್ತೀನಿ, ಇದು ಇವರ ಮನೀದಂತ ಗೊತ್ತಿಟ್ಟ ಉಣ್ರಿ,” ಅಂದರು.

“ಹೂಂ ರಿ ವೈನಿ,” ಅಂದೆ.

“ಮತ್ತ ನೀವು ಬೈದ ಮ್ಯಾಲನ ಉಣ್ಣೂದಂತಲ್ರಿ? ಅವರು ಹೇಳ್ತಿದ್ರು.”

ಪರಾತದಲ್ಲಿ ಈಗ ಶೇಂಗಾ ಇದೆ. ವಾಸನೆ ಹೋಗಿಲ್ಲ, ಇನ್ನು ತಿಕ್ಕಬೇಡವೆಂದು ಹೆಂಡತಿಗೆ ಹೇಳಿದ್ದೇನೆ. ಗ್ರೂಪಿನಲ್ಲಿ ರವಿವಾರ ಅನಂತಪುರ ಎಂದಷ್ಟೇ ಬರೆದು ಹಾಕಿದೆ. ಸಾವಕಾರ ಬರುತ್ತೇನೆ ಅಂದಿದ್ದಾನೆ. ಕಂಪೌಂಡರ, ಹೊಲಿಸಲು ಹಾಕಿದ ಟೀ ಶರ್ಟು ಏನು ಮಾಡುವುದೆಂದು ಕೇಳಿದ್ದಾನೆ.

ನಾನು ಹೋಗುತ್ತೇನೆ. ತಾಟಿನ ಮುಂದೆ ಕೂತು ಮೊದಲ ತುತ್ತಿಗೆ ಮುಂಚೆ ಬೈಯಬೇಕು, ಅದು ಪದ್ಧತಿ. ಇಷ್ಟು ವರ್ಷ ಬೈಸಿಕೊಂಡವನು ಗೋಡೆಯ ಮೇಲೆ ಖಾಕಿ ಅಂಗಿ ತೊಟ್ಟು ನಗುತ್ತಿರುತ್ತಾನೆ, ಅವನಿಗೆ ಇನ್ನು ನನ್ನ ಬೈಗುಳ ಮುಟ್ಟುವುದಿಲ್ಲ. ಈ ಸಲ ಯಾರನ್ನು ಬೈಯಬೇಕೆಂದು ನನಗೆ ಗೊತ್ತಿದೆ.